ಸೋದರ ಮಾವನ ಜಾಗ

ನನ್ನ ಮಗಳು ಕವನಾಳ ಮದುವೆ ಕಾರ್ಡನ್ನು ನಾನು ಮೂರು ಸಲ ಓದಿದ್ದೆ. ನನ್ನ ಗಂಡ ನಂಜುಂಡಪ್ಪ ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ಓದಿದ್ದರು. ಅತ್ತೆ ಬೋರಮ್ಮನವರಿಗೆ ಓದು ಬಾರದು, ಅವರಿಗೆ ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ. ಮನೆದೇವರ ಹೆಸರು, ತೀರಿಕೊಂಡವರ ಹೆಸರು, ಬದುಕಿರುವವರ ಹೆಸರು, ಛತ್ರಕ್ಕೆ ಬರುವ ದಾರಿ, ಎಲ್ಲ ಸರಿಯಾಗಿತ್ತು. ಎಂಟುನೂರು ಕಾರ್ಡು ಅಚ್ಚಾಗಿ ಮನೆಗೆ ಬಂದವು. ಆಮೇಲೆ ನೋಡಿದರೆ ಅದರಲ್ಲಿ ನನ್ನ ತಂಗಿ ಜಯದೇವಿಯ ಹೆಸರೇ ಇರಲಿಲ್ಲ.

ಇದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ. ಹೆಸರುಗಳ ಪಟ್ಟಿ ಬರೆದವಳು ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ದೀಪಾಂಜಲಿ ನಗರದ ನಮ್ಮ ಬೀದಿಗೆಲ್ಲ ಗೊತ್ತು. ಹಾಲಿನವನು ಹತ್ತು ನಿಮಿಷ ತಡ ಮಾಡಿದರೆ ಗೇಟಿನಿಂದಲೇ ಪ್ಯಾಕೆಟ್ ಎಸೆದು ಓಡುತ್ತಾನೆ. ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ನಾನು ಅವರನ್ನು ಬಿಡುತ್ತಿರಲಿಲ್ಲ. ನಾನೇ ಮಾಡಿದ್ದರಿಂದ ಕೈಗೆ ಸಿಕ್ಕ ಪಾತ್ರೆಗಳನ್ನೆಲ್ಲ ಕುಕ್ಕಿದೆ.

ನಾವು ಇಬ್ಬರೇ ಅಕ್ಕತಂಗಿಯರು. ಅಣ್ಣತಮ್ಮ ಇಲ್ಲ. ಕೆಂಗೇರಿಯಲ್ಲಿ ಅಪ್ಪನದು ರಾಗಿ ಮಿಲ್ಲು. ಸುತ್ತಲಿನ ಹಳ್ಳಿಯವರೆಲ್ಲ ತಲೆಯ ಮೇಲೆ ಚೀಲ ಹೊತ್ತು ಬರುತ್ತಿದ್ದ ಕಾಲ ಅದು. ‘ಒಂದು ಗಂಡಾಗಿದ್ದಿದ್ರೆ’ ಅಂತ ಅವ್ವ ದಿನಕ್ಕೆ ಒಂದು ಸಲವಾದರೂ ಅನ್ನುತ್ತಿದ್ದಳು, ಅದೂ ನಮ್ಮಿಬ್ಬರ ಜಡೆ ಹಾಕುತ್ತಲೇ. ನನಗೆ ಇಪ್ಪತ್ತೊಂದಕ್ಕೆ ಮದುವೆಯಾಯಿತು. ಎರಡು ವರ್ಷಕ್ಕೆ ಅಪ್ಪನಿಗೆ ಲಕ್ವ ಹೊಡೆಯಿತು. ದೇವಿಗೆ ಆಗ ಹತ್ತೊಂಬತ್ತು. ಕಾಲೇಜು ಬಿಟ್ಟು ಮಿಲ್ಲಿಗೆ ನಿಂತಳು. ಬೆಲ್ಟು ಕಳಚಿಕೊಂಡರೆ ತಾನೇ ಹಾಕುತ್ತಿದ್ದಳು, ಬೀಸುವ ಕಲ್ಲು ಸವೆದರೆ ತಾನೇ ಕೂತು ಉಳಿಯಲ್ಲಿ ಕುಟ್ಟಿ ಹರಿತ ಮಾಡುತ್ತಿದ್ದಳು. ಮೊದಮೊದಲು ಜನ ನಕ್ಕರು. ಹಿಟ್ಟು ನುಣ್ಣಗೆ ಬರತೊಡಗಿದ ಮೇಲೆ ನಗುವುದನ್ನು ಬಿಟ್ಟು ‘ಮಿಲ್ ದೇವಮ್ಮ’ ಅಂತ ಹೆಸರಿಟ್ಟರು.

ಗಂಡುಗಳು ಬಂದವು. ಬಂದವರಿಗೆಲ್ಲ ಹುಡುಗಿ ಬೇಕಿತ್ತು, ಹುಡುಗಿಯ ಜೊತೆ ಹಾಸಿಗೆ ಹಿಡಿದ ಅಪ್ಪ ಬೇಕಿರಲಿಲ್ಲ. ಮನೆ ಅಳಿಯನಾಗಿ ಬರಲು ಯಾರೂ ಒಪ್ಪಲಿಲ್ಲ. ಅಪ್ಪನನ್ನು ಹನ್ನೊಂದು ವರ್ಷ, ಆಮೇಲೆ ಅವ್ವನನ್ನು ಆರು ವರ್ಷ ನೋಡಿಕೊಂಡಳು. ಅಷ್ಟರಲ್ಲಿ ಜನ ಅವಳ ಮದುವೆಯ ಮಾತು ಎತ್ತುವುದನ್ನು ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ನನಗೆ ಅದು ಅನುಕೂಲವಾಗಿತ್ತು. ಅವಳು ಆ ಮನೆಯಲ್ಲಿ ಉಳಿದದ್ದರಿಂದ ನನಗೆ ತವರು ಉಳಿಯಿತು.

ತವರು ಅಂದರೆ ಏನೆಂದು ಗಂಡಸರಿಗೆ ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ. ಗೌರಿ ಹಬ್ಬಕ್ಕೆ ಬೀದಿಯ ಎಲ್ಲ ಹೆಂಗಸರ ಮನೆಗೂ ಅಣ್ಣನೋ ತಮ್ಮನೋ ಬಾಗಿನ ಹಿಡಿದು ಬರುತ್ತಾನೆ. ಅಪ್ಪ ಮಲಗಿದ ವರ್ಷ ನನಗೆ ಯಾರೂ ಬರುವುದಿಲ್ಲ ಅಂದುಕೊಂಡು ಬೆಳಿಗ್ಗೆಯಿಂದ ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಹತ್ತು ಗಂಟೆಗೆ ದೇವಿ ಬಂದಳು. ಮೊರದ ಬಾಗಿನವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು.

ನಮ್ಮ ಅತ್ತೆ ಬಾಗಿಲಲ್ಲೇ ತಡೆದರು. ‘ಇದೇನಮ್ಮಾ ಇದು, ಗಂಡುಡುಗ್ರು ತರೋದನ್ನ ನೀನು ತಂದಿದೀಯಾ?’

‘ಗಂಡುಡುಗ್ರು ಇಲ್ವಲ್ಲ ಅತ್ತೆ, ಅದಕ್ಕೆ ನಾನೇ ತಂದೆ. ಜಾಗ ಬಿಡಿ, ಕೈ ನೋಯ್ತಾ ಇದೆ’ ಅಂದಳು ದೇವಿ.

ಅತ್ತೆ ಜಾಗ ಬಿಟ್ಟರು. ಆಮೇಲೆ ಅವಳಿಗೆ ಎರಡು ಕಡುಬು ಹೆಚ್ಚಿಗೆ ಬಡಿಸಿದರು. ಅಂದಿನಿಂದ ಮೂವತ್ತೊಂದು ಗೌರಿ ಹಬ್ಬಗಳು ಆಗಿವೆ, ಅವಳು ಒಂದನ್ನೂ ತಪ್ಪಿಸಿಲ್ಲ. ಈಗ ಮೆಟ್ರೋದಲ್ಲಿ ಬರುತ್ತಾಳೆ, ಅಷ್ಟೇ ವ್ಯತ್ಯಾಸ. ಕವನಾ ಹುಟ್ಟಿದಾಗ ಬಾಣಂತನ ಮಾಡಿದವಳು ಅವಳು. ಸೋದರ ಮಾವನ ತೊಡೆಯ ಮೇಲೆ ಕೂರಿಸಿ ಮಗುವಿನ ಕಿವಿ ಚುಚ್ಚಬೇಕು ಎಂಬ ಶಾಸ್ತ್ರವಿದೆಯಲ್ಲ, ಕವನಾ ಕೂತದ್ದು ದೇವಿಯ ತೊಡೆಯ ಮೇಲೆ. ಮಗು ಅವಳ ಭುಜ ಕಚ್ಚಿ ಹಲ್ಲಿನ ಗುರುತು ಮಾಡಿತ್ತು.

ಇವೆಲ್ಲ ಮನೆಯೊಳಗೆ ಹತ್ತಿಪ್ಪತ್ತು ಜನರ ಮುಂದೆ ನಡೆದದ್ದು. ಮದುವೆಗೆ ಬರುವವರು ಎಂಟುನೂರು ಮಂದಿ. ಹೆಣ್ಣಿಗೆ ಬಾಸಿಂಗ ಕಟ್ಟಿ, ಕೈ ಹಿಡಿದು ಧಾರೆ ಮಂಟಪಕ್ಕೆ ಕರೆತರುವವನು ಸೋದರ ಮಾವ. ಅಲ್ಲಿಗೆ ಬಂದಾಗ ನನ್ನ ಬುದ್ಧಿ ನೆಟ್ಟಗೆ ಹೋಗಿ ಒಬ್ಬ ಗಂಡಸನ್ನು ಹುಡುಕಿತು. ಸುಂಕದಕಟ್ಟೆಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ನಮ್ಮ ದೊಡ್ಡಪ್ಪನ ಮಗ ಯೋಗಾನಂದ ಸಿಕ್ಕಿದ. ಒಳ್ಳೆಯವನೇ. ವರ್ಷಕ್ಕೆ ಒಂದು ಸಲ ಯಾರದಾದರೂ ತಿಥಿಯಲ್ಲಿ ಸಿಗುತ್ತಾನೆ. ಅವನ ಹೆಸರನ್ನು ‘ಸೋದರ ಮಾವ’ ಅನ್ನುವ ಕಡೆ ಬರೆದೆ. ದೊಡ್ಡಪ್ಪ ದೊಡ್ಡಮ್ಮ, ಚಿಕ್ಕಪ್ಪ ಚಿಕ್ಕಮ್ಮ, ಅತ್ತೆ ಮಾವ ಅಂತ ಜೋಡಿ ಜೋಡಿಯಾಗಿ ಎಲ್ಲರನ್ನೂ ಬರೆದೆ. ಜೋಡಿಯಿಲ್ಲದವಳು ಎಲ್ಲಿಯೂ ಕೂರಲಿಲ್ಲ, ಕೂರಲಿಲ್ಲ ಎಂದು ನನಗೆ ಗೊತ್ತೂ ಆಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ.

ಇನ್ನೂ ಒಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ವಿಜಯನಗರದ ಪ್ರೆಸ್ಸಿನವರು ಅಚ್ಚಿಗೆ ಮುಂಚೆ ಒಂದು ನಕಲು ಕೊಟ್ಟಿದ್ದರು. ಅದನ್ನು ತಿದ್ದಿಕೊಡು ಎಂದು ನಾನು ಕಳುಹಿಸಿದ್ದು ದೇವಿಗೇ. ಮುಹೂರ್ತದ ಹೊತ್ತು ಬೆಳಿಗ್ಗೆ ಅನ್ನುವ ಕಡೆ ಸಂಜೆ ಅಂತ ಬಿದ್ದಿತ್ತು, ಅದನ್ನು ಹಿಡಿದವಳು ಅವಳು. ಪ್ರತಿ ಸಾಲನ್ನೂ ಓದಿ, ಕೆಂಪು ಪೆನ್ನಿನಲ್ಲಿ ಸರಿಮಾಡಿ, ಮಾರನೆಯ ದಿನವೇ ತಂದುಕೊಟ್ಟಳು. ತನ್ನ ಹೆಸರಿಲ್ಲ ಎಂದು ಒಂದು ಮಾತೂ ಆಡಲಿಲ್ಲ.

ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ತವರಿಗೆ. ಅದು ನಮ್ಮ ಪದ್ಧತಿ. ದೇವರ ಮುಂದೆ ಒಂದನ್ನು ಇಟ್ಟು, ಇನ್ನೊಂದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಹಣ್ಣಿನ ತಟ್ಟೆಯಲ್ಲಿಟ್ಟುಕೊಂಡು ಕವನಾಳ ಜೊತೆ ಕೆಂಗೇರಿಗೆ ಹೋದೆ. ದೇವಿ ಮಿಲ್ಲು ನಿಲ್ಲಿಸಿ, ಮುಖ ತೊಳೆದು, ಬೇರೆ ಸೀರೆ ಉಟ್ಟುಕೊಂಡು ಬಂದು, ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವ್ವನ ಫೋಟೋದ ಮುಂದೆ ಇಟ್ಟು ಕೈ ಮುಗಿದಳು. ಆಗ ಕವನಾ, ‘ಚಿಕ್ಕಮ್ಮಾ, ನಿಂಗೆ ನಾನೇ ಓದಿ ಹೇಳ್ತೀನಿ ಇರು’ ಅಂತ ಮುದ್ದಿಗೆ ಕಾರ್ಡು ಬಿಚ್ಚಿ ಓದತೊಡಗಿದಳು. ಅರ್ಧಕ್ಕೆ ಅವಳ ದನಿ ನಿಂತಿತು. ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದಳು. ಕಾರ್ಡನ್ನು ತಿರುಗಿಸಿ ನೋಡಿದಳು.

‘ಅಮ್ಮಾ, ಚಿಕ್ಕಮ್ಮನ ಹೆಸರೆಲ್ಲಿ?’

ನಾನು ಕಾರ್ಡು ಕಿತ್ತುಕೊಂಡು ನೋಡಿದೆ. ಅಲ್ಲಿಯವರೆಗೆ, ದೇವರಾಣೆ, ನನಗೆ ಹೊಳೆದಿರಲಿಲ್ಲ. ‘ದೇವಿ, ನೀನೇ ಅಲ್ವೇನೇ ತಿದ್ದಿದ್ದು? ನಿಂಗಾದ್ರೂ ಕಾಣ್ಲಿಲ್ವಾ?’ ಅಂತ ಅವಳ ಮೇಲೆಯೇ ಎಗರಿದೆ. ನೋಡಿ ನನ್ನ ಬುದ್ಧಿ!

‘ಕಾಣ್ದೆ ಏನು’ ಅಂದಳು ದೇವಿ. ‘ಯಾವ ಕಾಲಮ್ಮಲ್ಲಿ ಸೇರಿಸ್ಲಿ ಹೇಳಕ್ಕ? ಚಿಕ್ಕಮ್ಮ ಅಂತ ಹಾಕಿದ್ರೆ ಪಕ್ಕದಲ್ಲಿ ಚಿಕ್ಕಪ್ಪ ಎಲ್ಲಿ ಅಂತಾರೆ. ಅಜ್ಜಿ ಆಗೋ ವಯಸ್ಸಾಗಿಲ್ಲ. ಬಂಧುಮಿತ್ರರು ಅಂತ ಕೊನೇಲಿ ಇದೆಯಲ್ಲ, ಅದ್ರಲ್ಲಿ ಇದೀನಿ ಬಿಡು.’

ಅವಳು ಚುಚ್ಚಿ ಹೇಳಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳ ದನಿಯಲ್ಲಿ ಚುಚ್ಚೇ ಇರಲಿಲ್ಲ. ಮಳೆ ಬಂದರೆ ಕೊಡೆ ಹಿಡಿಯಬೇಕು ಅನ್ನುವಷ್ಟು ಸಹಜವಾಗಿ ಹೇಳಿದಳು. ಕವನಾ ಎದ್ದುಹೋಗಿ ಮಿಲ್ಲಿನ ಬಾಗಿಲಲ್ಲಿ ನಿಂತುಕೊಂಡಳು.

ನಾನು ಅಲ್ಲೇ ನಿರ್ಧಾರ ಮಾಡಿದೆ. ‘ಕಾರ್ಡು ಹಾಳಾಗ್ಲಿ. ಬಾಸಿಂಗ ನೀನು ಕಟ್ತೀಯ. ಮಂಟಪಕ್ಕೆ ನೀನು ಕರ್ಕೊಂಡ್ ಬರ್ತೀಯ. ಅಷ್ಟೇ.’

‘ಬೇಡ ಕಣಕ್ಕ.’

‘ಯಾಕೆ ಬೇಡ?’

ದೇವಿ ಸೆರಗಿನ ಅಂಚನ್ನು ಮಡಚಿದಳು. ಕವನಾಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಹೇಳಿದಳು: ‘ನಾನು ಮುತ್ತೈದೇನೂ ಅಲ್ಲ, ಇನ್ನೊಂದೂ ಅಲ್ಲ. ಯಾರ ಮನೆ ಮದುವೇಲೂ ನನ್ನ ಕೈಲಿ ಒಂದು ಅರಿಶಿನದ ಕೊಂಬು ಮುಟ್ಸಿಲ್ಲ. ಅದು ಹೋಗ್ಲಿ, ಅಭ್ಯಾಸ ಆಗಿದೆ. ಆದ್ರೆ ನಾಳೆ ಈ ಮಗೂಗೆ ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅನ್ನು. ಅವಳ ಕೈಲಿ ಕಟ್ಟಿಸಿದ್ರಲ್ಲ, ಅದಕ್ಕೇ ಹಿಂಗಾಯ್ತು ಅಂತಾರೆ. ನನ್ನ ಏನು ಬೇಕಾದ್ರೂ ಅನ್ಲಿ. ಅದೊಂದು ಮಾತು ಮಾತ್ರ ನನ್ನ ಕೈಲಿ ತಡ್ಕೊಳಕ್ಕಾಗಲ್ಲ.’

ಐವತ್ತು ವರ್ಷದ ಈ ಹೆಂಗಸು, ನೂರು ಕೆಜಿ ಮೂಟೆಯನ್ನು ಒಂದೇ ದಮ್ಮಿಗೆ ಸರಿಸುವವಳು, ತನ್ನ ಕೈಗೇ ಹೆದರುತ್ತಿದ್ದಳು. ಆ ಹೆದರಿಕೆಯನ್ನು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು. ಐದು ಜನ ಮುತ್ತೈದೆಯರನ್ನು ಕರೆಯುವಾಗಲೆಲ್ಲ ಅವಳಿಗೆ ‘ನೀನು ಉಗ್ರಾಣ ನೋಡ್ಕೋ’ ಅಂತ ಬೀಗದಕೈ ಕೊಟ್ಟವಳು ನಾನೇ ಅಲ್ಲವೇ. ಛತ್ರದ ಉಗ್ರಾಣದಲ್ಲಿ ಅಕ್ಕಿ ಬೇಳೆ ತೆಂಗಿನಕಾಯಿ ಕಾಯುವ ಕೆಲಸ ನಂಬಿಕೆಯವರಿಗೇ ಕೊಡುವುದು, ನಿಜ. ಆದರೆ ಉಗ್ರಾಣಕ್ಕೆ ಕಿಟಕಿ ಇರುವುದಿಲ್ಲ, ಅಲ್ಲಿ ಕೂತವರಿಗೆ ಮಂಟಪ ಕಾಣುವುದಿಲ್ಲ.

ಮನೆಗೆ ಬಂದು ರಾತ್ರಿ ಊಟಕ್ಕೆ ಮೊದಲೇ ವಿಷಯ ತೆಗೆದೆ.

ನನ್ನ ಗಂಡ ಎಂದಿನಂತೆ ನಡುವಿನ ದಾರಿ ಹಿಡಿದರು. ‘ಅವಳೇ ಬೇಡ ಅಂತಿದಾಳಲ್ಲ, ನೀನ್ಯಾಕೆ ಎಳೆದಾಡ್ತೀಯ? ಯೋಗಾನಂದಂಗೆ ಬೇಜಾರಾಗಲ್ವಾ? ಬೀಗರು ಏನಂತಾರೆ?’

‘ರೀ, ಬೀಗರು ಏನಂತಾರೆ ಅಂತ ಮೂವತ್ತು ವರ್ಷದಿಂದ ಕೇಳ್ತಾ ಇದೀನಿ. ದೇವಿ ಏನಂತಾಳೆ ಅಂತ ಒಂದ್ ದಿನನಾದ್ರೂ ಕೇಳಿದೀರಾ?’

‘ನೀನು ಕೇಳಿದ್ಯಾ?’ ಅಂದರು ಅವರು.

ಅತ್ತೆ ಗೋಡೆಗೆ ಒರಗಿ ಅವರೆಕಾಳು ಹಿದುಕುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: ‘ಹೆಣ್ಣೆಂಗ್ಸು ಬಾಸಿಂಗ ಕಟ್ಟಿದ್ದು ನಾನಂತೂ ಕಂಡಿಲ್ಲ, ಕೇಳಿಲ್ಲ. ಎಂಬತ್ತೆರಡು ವರ್ಷ ಆಯ್ತು ನಂಗೆ.’

ಆಗ ನಾನು ದೇವಿ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಮಗುವಿಗೆ ಏನಾದರೂ ಆದರೆ ತನ್ನ ಕೈಯನ್ನು ಬೈಯುತ್ತಾರೆ ಅಂದದ್ದನ್ನು ಹೇಳಿದೆ. ಅತ್ತೆಯ ಕೈ ನಿಂತಿತು. ಏನಾದರೂ ಅನ್ನುತ್ತಾರೆ ಎಂದು ಕಾದೆ. ಕಾಳಿನ ಮೊರ ಅಲ್ಲೇ ಬಿಟ್ಟು ಎದ್ದುಹೋಗಿ ಮಲಗಿಬಿಟ್ಟರು. ಹಿದುಕಿದ ಬೇಳೆ ನನ್ನ ಪಾಲಿಗೆ ಬಂತು.

ಮಾರನೆಯ ದಿನ ಸುಂಕದಕಟ್ಟೆಗೆ ಹೋದೆ. ಕಾರ್ಡಿನಲ್ಲಿ ಹೆಸರು ಹಾಕಿ ಕೆಳಗಿಳಿಸಿದರೆ ಯಾವ ಗಂಡಸಿಗೆ ತಾನೇ ಸಿಟ್ಟು ಬರುವುದಿಲ್ಲ? ಆಟೋದಲ್ಲಿ ಕೂತು ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡೆ. ಯೋಗಾನಂದ ಚೀಲಗಳ ನಡುವಿನಿಂದ ಎದ್ದು ಬಂದು, ಕುರ್ಚಿಯ ಧೂಳು ಒರೆಸಿ ಕೂರಿಸಿ, ಟೀ ತರಿಸಿದ. ನಾನು ಹೇಳುವುದನ್ನೆಲ್ಲ ತಲೆ ತಗ್ಗಿಸಿ ಕೇಳಿದ.

‘ಅಕ್ಕ, ನಂಗೂ ಒಳಗೊಳಗೇ ಮುಜುಗರ ಆಗ್ತಿತ್ತು ಕಣಕ್ಕ’ ಅಂದ. ‘ಕಾರ್ಡಲ್ಲಿ ನನ್ನ ಹೆಸರು ಹಾಕ್ತೀನಿ ಅಂತ ನೀನು ಹೇಳಿದ ದಿನ ನಮ್ಮನೆಯವಳು ಕೇಳಿದ್ಲು, ಆ ಹುಡುಗಿ ಏನು ಓದಿದಾಳೆ, ಎಲ್ಲಿ ಕೆಲಸ ಅಂತ. ನಂಗೆ ಗೊತ್ತಿರ್ಲಿಲ್ಲ. ಸೋದರ ಮಾವ ಅಂತೆ! ದೇವಕ್ಕ ಒಪ್ಪಿದ್ರೆ ನಂದೇನೂ ಇಲ್ಲ. ಒಪ್ಪದೇ ಇದ್ರೆ ಶಾಸ್ತ್ರ ನಿಲ್ಲಬಾರ್ದು, ನಾನು ಇದೀನಿ.’

ಜೋಡಿಸಿಕೊಂಡಿದ್ದ ಜಗಳದ ಮಾತುಗಳೆಲ್ಲ ವ್ಯರ್ಥವಾದವು. ಟೀ ಕುಡಿದು ಎದ್ದು ಬಂದೆ. ಅವನ ಬಗ್ಗೆ ಇಷ್ಟು ವರ್ಷ ‘ಸಿಮೆಂಟಿನಂಥ ಮನುಷ್ಯ’ ಅಂತ ಆಡಿಕೊಂಡಿದ್ದಕ್ಕೆ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಆದರೆ ದೇವಿ ಒಪ್ಪಲಿಲ್ಲ. ಮದುವೆಗೆ ಇಪ್ಪತ್ತು ದಿನವಿತ್ತು. ದಿನಾ ಫೋನು ಮಾಡಿದೆ. ಬೈದೆ, ಕಣ್ಣೀರು ಹಾಕಿದೆ, ಮಾತು ಬಿಡುತ್ತೇನೆ ಅಂದೆ. ಕವನಾ ಒಂದು ಭಾನುವಾರ ಹೋಗಿ ಇಡೀ ದಿನ ಮಿಲ್ಲಿನಲ್ಲಿ ಕೂತು ಬಂದಳು. ದೇವಿ ಅವಳಿಗೆ ಹುರಿಹಿಟ್ಟಿನ ಉಂಡೆ ಕಟ್ಟಿಕೊಟ್ಟು ಕಳುಹಿಸಿದಳು, ಮಾತು ಮಾತ್ರ ಕೊಡಲಿಲ್ಲ. ಕಡೆಗೆ ಮದುವೆಯ ಹಿಂದಿನ ದಿನ ಅನ್ನಪೂರ್ಣೇಶ್ವರಿ ನಗರದ ಛತ್ರಕ್ಕೆ ಎಲ್ಲರಿಗಿಂತ ಮೊದಲು ಬಂದು, ನಾನು ಏನೂ ಹೇಳುವ ಮುಂಚೆಯೇ ಉಗ್ರಾಣದ ಬೀಗದಕೈ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯೋಗಾನಂದ ರೇಷ್ಮೆ ಪಂಚೆ ಉಟ್ಟು ನಿಲ್ಲುವುದು ಎಂದಾಯಿತು.

ಮದುವೆಯ ಬೆಳಿಗ್ಗೆ ಏನಾಗುತ್ತದೆಂದು ಮಗಳನ್ನು ಧಾರೆ ಎರೆದುಕೊಟ್ಟ ಯಾವ ತಾಯಿಗಾದರೂ ಗೊತ್ತು. ಹೂವು ಬಂದಿರಲಿಲ್ಲ, ನೀರು ನಿಂತಿತ್ತು, ಯಾರದೋ ಮಗು ಕಳೆದುಹೋಗಿ ಐಸ್‌ಕ್ರೀಮ್ ಡಬ್ಬದ ಪಕ್ಕದಲ್ಲಿ ಸಿಕ್ಕಿತು. ಕೂಗಾಡಿ ಕೂಗಾಡಿ ನನ್ನ ಗಂಟಲು ಕಟ್ಟಿತ್ತು. ಗಂಡಿನ ಕಡೆಯವರನ್ನು ಕರೆದು ತಂದದ್ದಾಯಿತು. ಆಗ ಪುರೋಹಿತರು ಹೇಳಿದರು: ‘ಹೆಣ್ಣಿನ ತಾಯಿ ತವರಿನವರನ್ನ ವಾಲಗದ ಜೊತೆ ಕರೆದು ತರಬೇಕು. ಬೇಗ ಆಗ್ಲಿ, ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇದೆ.’

ಛತ್ರದ ಹೆಬ್ಬಾಗಿಲ ಬಳಿ ಯೋಗಾನಂದ ಮತ್ತು ಅವನ ಹೆಂಡತಿ ತಟ್ಟೆ ಹಿಡಿದು ಸಿದ್ಧವಾಗಿ ನಿಂತಿದ್ದರು. ವಾಲಗದವರು ನನ್ನ ಹಿಂದೆ ಬಂದರು. ನಾಗಸ್ವರದವರು ಊದಲು ಶುರುಮಾಡಿದರು, ಡೋಲು ಬಡಿಯಿತು. ನಾನು ಹೆಬ್ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಐದನೆಯದು ಹಾಕಲು ಆಗಲಿಲ್ಲ. ತವರಿನವರನ್ನು ಕರೆದು ತಾ ಅಂದರೆ ಕಾಲು ಎತ್ತ ಹೋಗಬೇಕು? ನಿಂತೆ. ತಿರುಗಿದೆ. ಊಟದ ಹಾಲಿನ ಪಕ್ಕದ ಓಣಿಗೆ ಇಳಿದೆ. ವಾಲಗದವರಿಗೆ ಏನು ಗೊತ್ತು, ಅವರೂ ಊದುತ್ತಾ ನನ್ನ ಹಿಂದೆಯೇ ಬಂದರು. ಬಡಿಸುವವರು ಬಕೆಟ್ಟು ಹಿಡಿದು ಗೋಡೆಗೆ ಅಂಟಿಕೊಂಡರು. ‘ಅಮ್ಮಾ, ಇದು ಅಡುಗೆಮನೆ ದಾರಿ’ ಅಂತ ಒಬ್ಬ ಕೂಗಿ ಹೇಳಿದ.

ಉಗ್ರಾಣದ ಬಾಗಿಲು ತೆರೆದೇ ಇತ್ತು. ದೇವಿ ನೆಲದ ಮೇಲೆ ಕೂತು ಅಡುಗೆಯವರಿಗೆ ಬೆಲ್ಲ ತೂಗುತ್ತಿದ್ದಳು. ಆ ಇಕ್ಕಟ್ಟಿನಲ್ಲಿ ಡೋಲಿನ ಸದ್ದಿಗೆ ತಗಡಿನ ಡಬ್ಬಗಳೆಲ್ಲ ನಡುಗಿದವು. ಅವಳು ಬೆಪ್ಪಾಗಿ ನಮ್ಮನ್ನು ನೋಡಿದಳು. ನಾನು ಕುಂಕುಮದ ಬಟ್ಟಲನ್ನು ಹಿಡಿದುಕೊಂಡೇ ಹೇಳಿದೆ: ‘ತವರಿನವರನ್ನ ಕರೆಯೋಕೆ ಬಂದಿದೀನಿ. ಎದ್ದೇಳು.’

‘ಅಕ್ಕ, ಹುಚ್ಚು ಹಿಡಿದಿದ್ಯಾ ನಿಂಗೆ? ಯೋಗಾನಂದ ಅಲ್ಲಿ ನಿಂತಿದಾನೆ. ಹೋಗು.’

‘ಹೋಗಲ್ಲ.’

‘ಮುಹೂರ್ತ ಮೀರತ್ತೆ ಕಣಕ್ಕ. ನಾನು ಹೇಳಿದ್ದು ನೆನಪಿಲ್ವಾ? ಏನಾದ್ರೂ ಆದ್ರೆ ಅಂತ...’ ಅವಳ ಕಣ್ಣು ತುಂಬಿತು. ಬೆಲ್ಲದ ಕೈಯನ್ನು ಹಿಂದೆ ಕಟ್ಟಿಕೊಂಡಳು.

ನನಗೆ ಇನ್ನು ಮಾತು ಉಳಿದಿರಲಿಲ್ಲ. ಇಪ್ಪತ್ತು ದಿನ ಆಡಿ ಎಲ್ಲ ಖಾಲಿಯಾಗಿತ್ತು. ಆಗ ಹಿಂದಿನಿಂದ ವಾಲಗದವರನ್ನು ಮೊಣಕೈಯಿಂದ ಸರಿಸುತ್ತಾ ನಮ್ಮ ಅತ್ತೆ ಬಂದರು. ಅವರ ಹಿಂದೆ ಏದುಸಿರು ಬಿಡುತ್ತಾ ಯೋಗಾನಂದ. ‘ಊದೋದು ನಿಲ್ಸಪ್ಪ ಸ್ವಲ್ಪ’ ಅಂದರು ಅತ್ತೆ. ಡೋಲು ನಿಂತಿತು. ಅವರು ಅಕ್ಕಿ ಮೂಟೆಯ ಮೇಲೆ ಕೂತು ಒಂದು ನಿಮಿಷ ಸುಧಾರಿಸಿಕೊಂಡರು. ಬೈಯಲು ಬಂದರೋ ಎಂದು ನಾನು ಸೆರಗು ಬಿಗಿದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ.

‘ದೇವಮ್ಮ, ಇಲ್ಲಿ ಕೇಳು. ನನ್ನ ಮದುವೇಲಿ ಶಾಸ್ತ್ರ ಒಂದೂ ತಪ್ಪಲಿಲ್ಲ. ಐದು ಜನ ಮುತ್ತೈದೇರು ಅರಿಶಿನ ಹಚ್ಚಿದ್ರು. ಐದ್ ಜನಾನೂ ತುಂಬಿದ ಮನೆಯೋರು. ಬಾಸಿಂಗ ಕಟ್ಟಿದ್ದು ನನ್ನ ಸ್ವಂತ ಸೋದರ ಮಾವ, ಮೀಸೆ ಹೊತ್ತ ಗಂಡಸು. ಮೂವತ್ತೆಂಟಕ್ಕೆ ನನ್ನ ತಾಳಿ ಹೋಯ್ತು. ಈಗ ನಾನು ಯಾರ ಕೈನ ಬೈಲಿ ಹೇಳು?’

ಒಲೆಯ ಕಡೆಯಿಂದ ಒಗ್ಗರಣೆಯ ಸದ್ದು ಬರುತ್ತಿತ್ತು. ಮೂವತ್ಮೂರು ವರ್ಷ ಒಂದೇ ಮನೆಯಲ್ಲಿ ಬಾಳಿದ್ದೇನೆ, ಅತ್ತೆ ತಮ್ಮ ತಾಳಿಯ ಮಾತು ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಮಗನೂ ಕೇಳಿರಲಾರರು.

‘ಆವತ್ತು ನೀನು ಹಂಗಂದೆ ಅಂತ ಇವಳು ಹೇಳಿದ್ಲು. ರಾತ್ರಿಯೆಲ್ಲ ನಿದ್ದೆ ಹತ್ಲಿಲ್ಲ ನಂಗೆ’ ಅಂದರು ಅತ್ತೆ. ‘ಯಾರಾದ್ರೂ ಏನಾದ್ರೂ ಅಂದ್ರೆ, ಬೋರಮ್ಮ ಹೇಳಿ ಮಾಡಿಸಿದ್ಲು ಅನ್ನು. ಬೈಗುಳ ನನ್ನ ಪಾಲಿಗಿರ್ಲಿ. ನಂದು ಇನ್ನೆಷ್ಟು ದಿನ, ತಡ್ಕೋತೀನಿ. ಏಳು, ಕೈ ತೊಳ್ಕೋ. ಮಗು ಕಾಯ್ತಾ ಇದೆ.’

ದೇವಿ ಎದ್ದಳು. ಎದ್ದವಳೇ ಅತ್ತೆಯ ಕಾಲಿಗೆ ಬಗ್ಗಿದಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, ‘ತಲೇಗೆ ಹೂವಾದ್ರೂ ಮುಡ್ಕೋಬಾರ್ದೇನೆ ಮುಂಡೇದೆ’ ಅಂತ ಗದರಿದರು. ಯೋಗಾನಂದ ತನ್ನ ರೇಷ್ಮೆ ಶಲ್ಯವನ್ನು ತೆಗೆದು ಅವಳ ಹೆಗಲಿಗೆ ಹಾಕಿ ಕೈ ಚಾಚಿದ. ‘ದೇವಕ್ಕ, ಬೀಗದಕೈ ಕೊಡು ಇಲ್ಲಿ. ಬೆಲ್ಲ ಎಷ್ಟು ತೂಗಬೇಕು ಅದೊಂದು ಹೇಳಿ ಹೋಗು.’

‘ಎಂಟು ಕೆಜಿ. ಆರು ಆಗಿದೆ’ ಅಂದಳು ಅವಳು, ಅಳುತ್ತಲೇ.

ಆಮೇಲೆ ವಾಲಗ ಮತ್ತೆ ಶುರುವಾಯಿತು. ನಾನು ನನ್ನ ತಂಗಿಗೆ ಕುಂಕುಮ ಇಟ್ಟು, ಕೈ ಹಿಡಿದು, ಆ ಓಣಿಯಿಂದ ಕರೆದುಕೊಂಡು ಬಂದೆ. ಬಡಿಸುವವರು ಮತ್ತೆ ಗೋಡೆಗೆ ಅಂಟಿಕೊಂಡರು. ಮಂಟಪದ ಬಳಿ ನನ್ನ ಗಂಡ ನಿಂತಿದ್ದರು. ಬೀಗರು ಏನಂತಾರೆ ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡು ದೇವಿಗೆ ಕೈ ಮುಗಿದು, ‘ಬಾಮ್ಮ, ಈ ಕಡೆ’ ಅಂತ ದಾರಿ ಬಿಡಿಸಿದರು. ಜನ ನೋಡಿದರು. ಮೂರನೆಯ ಸಾಲಿನಲ್ಲಿ ಇಬ್ಬರು ಹೆಂಗಸರು ಕಿವಿ ಕಚ್ಚಿಕೊಂಡರು, ನಾನು ಅವರನ್ನು ದುರುಗುಟ್ಟಿಕೊಂಡು ನೋಡಿದೆ, ಸುಮ್ಮನಾದರು. ಎಂಟುನೂರು ಜನರಲ್ಲಿ ಇಬ್ಬರು. ಇಷ್ಟಕ್ಕೇ ನಾವು ಮೂವತ್ತು ವರ್ಷ ಹೆದರಿದ್ದೆವು.

ಪುರೋಹಿತರು ಮೈಕಿನಲ್ಲಿ ಕರೆದರು: ‘ಹೆಣ್ಣಿನ ಸೋದರ ಮಾವ ಯಾರು? ಬರಬೇಕು, ಬಾಸಿಂಗ ಕಟ್ಟಬೇಕು.’

ಕವನಾ ವಧುವಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಉಗ್ರಾಣದಲ್ಲಿ ನಡೆದದ್ದು ಯಾವುದೂ ಗೊತ್ತಿರಲಿಲ್ಲ. ರೇಷ್ಮೆ ಪಂಚೆಯ ಯೋಗಾನಂದ ಮಾವನಿಗೆ ಕಾಯುತ್ತಾ ನೆಲ ನೋಡುತ್ತಿದ್ದಳು. ದೇವಿ ಅವಳ ಮುಂದೆ ಹೋಗಿ ನಿಂತಾಗ ತಲೆ ಎತ್ತಿದಳು. ಮುಖ ಹಾಗೇ ಅರಳಿತು. ಏನೂ ಕೇಳದೆ, ಚಿಕ್ಕ ಮಗುವಿನ ಹಾಗೆ ಹಣೆಯನ್ನು ಮುಂದೆ ಚಾಚಿ ಕೊಟ್ಟಳು.

ದೇವಿ ಕಟ್ಟಿದ ಮೊದಲ ಗಂಟು ಜಾರಿತು. ನಾನು ಸಹಾಯಕ್ಕೆ ಕೈ ಹಾಕಲು ಹೋದೆ, ಅತ್ತೆ ನನ್ನ ಮೊಣಕೈ ಹಿಡಿದು ಎಳೆದರು. ‘ಅವಳ ಕೆಲಸ ಅದು, ಬಿಡು’ ಅಂದರು.

ಪುರೋಹಿತರು ಮೈಕಿನಲ್ಲಿ ಇನ್ನೊಮ್ಮೆ ಕೇಳಿದರು: ‘ಸೋದರ ಮಾವ ಎಲ್ಲಿ? ಬಂದ್ರಾ?’

ದೇವಿ ಎರಡನೆಯ ಗಂಟನ್ನು ಬಿಗಿಯಾಗಿ ಹಾಕಿದಳು. ಮಗಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಛತ್ರಕ್ಕೆಲ್ಲ ಕೇಳುವಂತೆ ಹೇಳಿದಳು: ‘ಬಂದೆ ಸ್ವಾಮಿ. ನಾನೇ.’